ರೋಬೋಟಿನ ಎದುರು ನಿಂತವರನ್ನು ನೋಡಿ

ಗಂಗಾವತಿಯ ಓದುಗರೊಬ್ಬರ ಪತ್ರ: ಗೆಳೆಯರು ಸೇರಿ ಬಾಹ್ಯಾಕಾಶ ನೌಕೆಯ ಕಥೆಯೊಂದನ್ನು ಮೊಬೈಲಿನಲ್ಲಿ ಐದು ಕಂತುಗಳಾಗಿ ಚಿತ್ರೀಕರಿಸುತ್ತಿದ್ದೇವೆ. ಡಾಕ್ಟರಮ್ಮ ಮತ್ತು ರೋಬೋಟಿನ ಸ್ನೇಹವೇ ಕಥೆಯ ಜೀವ. ನೋಡಿದವರು ಮಾತ್ರ ‘ಇಬ್ಬರೂ ಪಾಠ ಒಪ್ಪಿಸಿದಂಗೈತಿ’ ಅಂತಾರೆ. ಸಂಭಾಷಣೆ ಹೆಚ್ಚಿಸಬೇಕೆ?

ಸಂಪಾದಕರ ಉತ್ತರ: ಬೇಡ. ‘ನೀನು ನನ್ನ ಗೆಳತಿ’ ಎಂಬಂಥ ಸಾಲುಗಳಿದ್ದರೆ ಮೊದಲು ಅವನ್ನೇ ತೆಗೆಯಿರಿ. ರೋಬೋಟಿಗೆ ಮುಖಭಾವ ಇಲ್ಲವೆಂದ ಮೇಲೆ ಅದನ್ನು ಹೇಗೆ ಕಾಣಬೇಕೆಂದು ನೋಡುಗರಿಗೆ ಹೇಳಿಕೊಡುವುದು ಎದುರಿನ ಪಾತ್ರ. ನಮ್ಮ ದೊಡ್ಡಾಟದಲ್ಲೂ ರಾಜನ ಗತ್ತು ಅರ್ಧ ಕಾಣುವುದು ಸಾರಥಿ ಅವನ ಮುಂದೆ ನಿಲ್ಲುವ ಬಗೆಯಲ್ಲಿ.

ಬಾಹ್ಯಾಕಾಶ ನೌಕೆಯ ಕಥೆಯಿರುವ ಅಮೆರಿಕದ ಟಿವಿ ಸರಣಿ ‘ಸ್ಟಾರ್ ಟ್ರೆಕ್’ನ 1966ರ ಒಂದು ಕಂತು ನೋಡಿ. ನೌಕೆಯ ಕ್ಯಾಪ್ಟನ್ ಕರ್ಕ್‌ನ ದುಷ್ಟ ಪ್ರತಿರೂಪವನ್ನು ಅವನ ಸಹ ಅಧಿಕಾರಿ ಸ್ಪಾಕ್ ಆಯುಧದ ಹಿಡಿಯಿಂದ ತಲೆಗೆ ಹೊಡೆದು ಬೀಳಿಸಬೇಕೆಂದು ಬರೆಯಲಾಗಿತ್ತು. ತರ್ಕವನ್ನೇ ನಂಬಿದ ಸ್ಪಾಕ್‌ಗೆ ಅದು ಹೊಂದದೆಂದು ನಟ ಲಿಯೊನಾರ್ಡ್ ನಿಮೊಯ್ ಕತ್ತು–ಭುಜ ಕೂಡುವಲ್ಲಿ ಬೆರಳಿನಿಂದ ಒತ್ತುವ ಪಟ್ಟು ಸೂಚಿಸಿದರು. ಬೆರಳಿನಲ್ಲಿ ಏನಿದೆ? ಕರ್ಕ್ ಪಾತ್ರದ ವಿಲಿಯಂ ಶಾಟ್ನರ್ ಸೆಟೆದು, ಕುಸಿದು ಬಿದ್ದರಲ್ಲ, ಅದರಿಂದಲೇ ಆ ಪಟ್ಟಿಗೆ ಶಕ್ತಿ ಬಂತು. ಮುಂದೆ ಅದು ಸ್ಪಾಕ್‌ನ ಗುರುತೇ ಆಯಿತು.

1987ರಲ್ಲಿ ಶುರುವಾದ ಅದರ ಮುಂದಿನ ಸರಣಿ ‘ನೆಕ್ಸ್ಟ್ ಜನರೇಷನ್’ನಲ್ಲಿ ಕಷ್ಟ ಇನ್ನೂ ದೊಡ್ಡದು. ನೌಕೆಯ ಅಧಿಕಾರಿ ಜೋರ್ಡಿಯಾಗಿ ನಟಿಸಿದ ಲೆವಾರ್ ಬರ್ಟನ್‌ರ ಕಣ್ಣು ಬಹುಪಾಲು ಪಟ್ಟಿಯಂಥ ಉಪಕರಣದ ಹಿಂದೆ. ಜೋರ್ಡಿಯ ಗೆಳೆಯ ಡೇಟಾ ಭಾವನೆಯಿಲ್ಲದ ಆಂಡ್ರಾಯ್ಡ್, ಅಂದರೆ ಮನುಷ್ಯರೂಪದ ರೋಬೋಟ್. ಆದರೂ ಅದು ಗೆಳೆತನವೇ ಎಂದು ಅನುಮಾನವಿಲ್ಲದೆ ಗೊತ್ತಾಗುತ್ತದೆ. ಬರ್ಟನ್ ದನಿಯಲ್ಲಿನ ಸಲಿಗೆ ಕೇಳಿ.

ಇನ್ನು ನಿಮ್ಮ ಚಿತ್ರೀಕರಣ. ಪ್ರತಿ ದೃಶ್ಯವನ್ನೂ ಒಮ್ಮೆ ಪೂರ್ತಿಯಾಗಿ ಡಾಕ್ಟರಮ್ಮನ ಮುಖದ ಮೇಲೇ ತೆಗೆಯಿರಿ, ಆಕೆಗೆ ಮಾತಿಲ್ಲದಾಗಲೂ. ಆಗ ರೋಬೋಟಿನ ಪಾತ್ರಧಾರಿ ಚಹಾಕ್ಕೆ ಹೋಗಕೂಡದು. ಲೆನ್ಸಿಗೆ ಅಂಟಿದಂತೆ ನಿಂತು ತನ್ನ ಮಾತು ತಾನೇ ಹೇಳಬೇಕು. ಬೇರೆ ಯಾರೋ ಹಾಳೆ ನೋಡಿ ಓದಿದರೆ ಆಕೆಯ ಕಣ್ಣು ಖಾಲಿಯಾಗಿ ಕಾಣುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ ಇರಬೇಕು.

ರೋಬೋಟಿಗೆ ಒಂದೇ ನಿಯಮ ಕೊಡಿ: ಯಾರು ಮಾತಾಡಿಸಿದರೂ ಮನಸ್ಸಿನಲ್ಲೇ ಒಂದು, ಎರಡು ಎಣಿಸಿ ಉತ್ತರ. ನಾಲ್ಕನೆಯ ಕಂತಿನಿಂದ ಡಾಕ್ಟರಮ್ಮನಿಗೆ ಮಾತ್ರ ಎಣಿಸದೆ ಉತ್ತರಿಸಲಿ, ಉಳಿದವರಿಗೆ ಕೊನೆವರೆಗೂ ಅದೇ ಎರಡು. ದನಿ, ಮುಖ ಏನೂ ಬದಲಾಗದೆ ಸಲಿಗೆ ಬೆಳೆದದ್ದು ಕಾಣುತ್ತದೆ. ಎಡಿಟಿಂಗ್ ಮಾಡುವವರಿಗೆ ಮೊದಲೇ ತಿಳಿಸಿ. ಇಲ್ಲದಿದ್ದರೆ ಖಾಲಿ ಜಾಗ ಅಂತ ಆ ಮೌನವನ್ನೇ ಕತ್ತರಿಸಿ ಹಾಕುತ್ತಾರೆ.

ಒಂದೇ ಕೋಣೆಯ ದೃಶ್ಯಗಳನ್ನು ಒಟ್ಟಿಗೆ ತೆಗೆಯುವಾಗ ಐದನೆಯ ಕಂತಿನದು ಮೊದಲು, ಒಂದನೆಯದು ಆಮೇಲೆ ಬರುತ್ತದೆ. ಆಗ ಸಲಿಗೆ ಎಲ್ಲ ಕಂತಿನಲ್ಲೂ ಒಂದೇ ಅಳತೆಗೆ ಇಳಿದುಬಿಡುತ್ತದೆ. ಸ್ಕ್ರಿಪ್ಟಿನ ಪ್ರತಿ ದೃಶ್ಯದ ಮೇಲೆ ಸಲಿಗೆಗೆ 1ರಿಂದ 5ರವರೆಗಿನ ಅಂಕಿ ಬರೆದು, ಟೇಕ್‌ಗೆ ಮುನ್ನ ಇಬ್ಬರಿಗೂ ಜೋರಾಗಿ ಓದಿ ಹೇಳಿ. ಒಂದು ಅಂದರೆ ನಡುವೆ ನಾಲ್ಕು ಅಡಿ, ಐದು ಅಂದರೆ ಒಂದೂವರೆ. ಮುಟ್ಟುವುದಾದರೆ ಐದೂ ಕಂತುಗಳಲ್ಲಿ ಒಂದೇ ಸಲ ಮುಟ್ಟಲಿ.

ರೋಬೋಟಿನ ಪಾತ್ರಧಾರಿಗೆ ಬೆಳ್ಳಿ ಬಣ್ಣವನ್ನು ಹುಬ್ಬು, ಕಣ್ಣಂಚು, ತುಟಿಯ ಸುತ್ತ ತೆಳ್ಳಗೆ ಹಚ್ಚಿ. ನಿಮ್ಮೂರಿನ ಏಪ್ರಿಲ್ ಸೆಕೆಗೆ ದಪ್ಪ ಬಣ್ಣ ಬೆವರಿ ಬಿರುಕು ಬಿಡುತ್ತದೆ, ಬಿರುಕು ಬಿಟ್ಟೀತೆಂಬ ಭಯಕ್ಕೇ ನಟ ಬಿಗಿಯುತ್ತಾನೆ. ಫ್ಯಾನ್ ಹಾಕಿದರೆ ಅದರ ಸದ್ದು ಮೈಕಿಗೆ ಬೀಳುತ್ತದೆ. ಹಾಗಾಗಿ ಹತ್ತಿರದ ಶಾಟ್‌ಗಳನ್ನು ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿಕೊಳ್ಳಿ.