ಹೊರಗಿನ ಚಾರ್ಜರ್ ನಂಬಿ ಕಾರು ತಗೊಳ್ಳಬಹುದಾ?

ಬೆಂಗಳೂರಲ್ಲಿ ಬಾಡಿಗೆ ಫ್ಲ್ಯಾಟು, ಪಾರ್ಕಿಂಗ್‌ನಲ್ಲಿ ಪ್ಲಗ್ ಪಾಯಿಂಟ್ ಹಾಕಲು ಅಸೋಸಿಯೇಷನ್ ಬಿಡುತ್ತಿಲ್ಲ, ಹೊರಗಿನ ಚಾರ್ಜರ್ ನಂಬಿ ಎಲೆಕ್ಟ್ರಿಕ್ ಕಾರು ತಗೊಳ್ಳಬಹುದಾ ಅಂತ ಕೇಳಿದ್ದೀರಿ. ತಗೊಳ್ಳಬಹುದು, ಆದರೆ ತಲೆನೋವು ಜಾಸ್ತಿ. ಎಂಟು ತಿಂಗಳು ನಾನೂ ಹಾಗೇ ಓಡಿಸಿದ್ದೇನೆ. ಆಪ್‌ನಲ್ಲಿ ಚಾರ್ಜರ್ ಖಾಲಿ ಅಂತ ಹಸಿರು ಚುಕ್ಕೆ ಇರುತ್ತದೆ, ಹೋಗಿ ನೋಡಿದರೆ ಅದರ ಮುಂದೆ ಯಾರದೋ ಪೆಟ್ರೋಲ್ ಕಾರು, ಓನರ್ ಮಾಲ್ ಒಳಗೆ ಸಿನಿಮಾ ನೋಡುತ್ತಿದ್ದಾರೆ, ಸೆಕ್ಯೂರಿಟಿಯವರು 'ಈಗ ಬರ್ತಾರೆ ಸಾರ್' ಅಂತಾರೆ. ಮಷೀನ್ ಎಷ್ಟು ಹಾಕಿದರೇನು, ಜಾಗ ಕಾಯುವವರು ಬೇಕಲ್ವಾ?

ಅದಕ್ಕೇ ಮೊದಲು ಮನೆ ಪಾಯಿಂಟ್‌ಗೆ ಗುದ್ದಾಡಿ. ಇರುವ ಕರೆಂಟ್ ಕನೆಕ್ಷನ್‌ನಿಂದಲೇ ಮನೆಯಲ್ಲಿ ಗಾಡಿ ಚಾರ್ಜ್ ಮಾಡಬಹುದು ಅಂತ ಕೇಂದ್ರ ವಿದ್ಯುತ್ ಸಚಿವಾಲಯದ ಮಾರ್ಗಸೂಚಿಯಲ್ಲಿ 2022ರಲ್ಲೇ ಬರೆದಿದೆ. ಪ್ರಿಂಟ್ ತೆಗೆದು ಸೆಕ್ರೆಟರಿ ಕೈಗೆ ಕೊಡಿ. ನಿಮ್ಮದೇ ಮೀಟರ್‌ನಿಂದ ವೈರ್ ಎಳೆದರೆ ಬಿಲ್ ಜಗಳವೂ ಇಲ್ಲ. 16 ಆಂಪ್ ಸಾಕೆಟ್ ಸಾಕು, ಗಂಟೆಗೆ ಸುಮಾರು 3 ಯೂನಿಟ್ ಏರುತ್ತದೆ, 30 ಯೂನಿಟ್ ಬ್ಯಾಟರಿಗೆ ಒಂದು ರಾತ್ರಿ. ಅರ್ಥಿಂಗ್ ಮಾತ್ರ ಎದುರಿಗೇ ನಿಂತು ಚೆಕ್ ಮಾಡಿಸಿ.

ಹೊರಗೆ ಹೋದಾಗ ಸಿಸಿಎಸ್2 ಗನ್ (ಕಾರಿಗೆ ಚುಚ್ಚುವ ಒಂದು ಬಗೆಯ ಪ್ಲಗ್) ಇರುವ ಡಿಸಿ ಚಾರ್ಜರ್, ಅಂದರೆ ಬೇಗ ಚಾರ್ಜ್ ಮಾಡುವ ಮಷೀನ್ ನೋಡಿಕೊಳ್ಳಿ. ಬ್ಯಾಟರಿ 80 ಪರ್ಸೆಂಟ್ ದಾಟಿದ ಮೇಲೆ ಚಾರ್ಜಿಂಗ್ ಆಮೆ ವೇಗ, ಸುಮ್ನೆ ಕೂರಬೇಡಿ, ಹಿಂದಿನವರಿಗೆ ಜಾಗ ಬಿಡಿ.