ವೆಬ್ ಪುಟದ ವಿಷಯ ಬರೆಯುವ ಎಚ್‌ಟಿಎಂಎಲ್ ಕಲಿತಾಯಿತು, ಅದರ ಅಂದ, ಜೋಡಣೆ ಹೇಳುವ ಸಿಎಸ್‌ಎಸ್ ಹಾಕಿದರೆ ಪುಟ ಅಡ್ಡಾದಿಡ್ಡಿ ಆಗುತ್ತದೆ. ಎಲ್ಲಿಂದ ಶುರು ಮಾಡಲಿ?

ಬಣ್ಣ, ಫಾಂಟ್ ಆಮೇಲೆ ನೋಡಿಕೊಳ್ಳಬಹುದು, ಮೊದಲು ಬಾಕ್ಸ್ ಮಾಡೆಲ್ ಅರ್ಥ ಮಾಡಿಕೊಳ್ಳಿ. ಬ್ರೌಸರ್ ಲೆಕ್ಕದಲ್ಲಿ ಪುಟದಲ್ಲಿರುವ ಪ್ರತಿಯೊಂದೂ ಒಂದು ಡಬ್ಬಿ. ಒಳಗೆ ವಿಷಯ, ಅದರ ಸುತ್ತ ಪ್ಯಾಡಿಂಗ್ ಅನ್ನುವ ಖಾಲಿ ಜಾಗ, ಆಮೇಲೆ ಬಾರ್ಡರ್ ಅಂದರೆ ಅಂಚು, ಹೊರಗೆ ಪಕ್ಕದ ಡಬ್ಬಿಯಿಂದ ದೂರ ಇಡುವ ಮಾರ್ಜಿನ್. ಇದೇ ಬಾಕ್ಸ್ ಮಾಡೆಲ್. ಅಗಲ 300 ಪಿಕ್ಸೆಲ್ ಅಂತ ಬರೆದು ಎರಡೂ ಬದಿಗೆ 20 ಪ್ಯಾಡಿಂಗ್, 5 ಬಾರ್ಡರ್ ಕೊಟ್ಟರೆ ಡಬ್ಬಿ 350 ಪಿಕ್ಸೆಲ್ ಜಾಗ ಹಿಡಿಯುತ್ತದೆ, ಪಕ್ಕದಲ್ಲಿರಬೇಕಾದ್ದು ಕೆಳಗೆ ಬೀಳುವುದು ಎಷ್ಟೋ ಸಲ ಇದಕ್ಕೇ. ಫೈಲಿನ ಶುರುವಿನಲ್ಲೇ ಎಲ್ಲದಕ್ಕೂ ಬಾಕ್ಸ್-ಸೈಜಿಂಗ್ ಅನ್ನು ಬಾರ್ಡರ್-ಬಾಕ್ಸ್ ಮಾಡಿಬಿಡಿ, ಆಗ ಪ್ಯಾಡಿಂಗ್, ಬಾರ್ಡರ್ ಎಲ್ಲ ಸೇರಿ 300 ಅಂದರೆ 300.

ಕ್ರೋಮ್ ಬ್ರೌಸರ್‌ನಲ್ಲಿ ಎಫ್12 ಒತ್ತಿ, ಪುಟದ ಕೋಡ್ ತೋರಿಸುವ ಡೆವಲಪರ್ ಟೂಲ್ಸ್ ನೋಡುವ ಅಭ್ಯಾಸ ಇವತ್ತೇ ಮಾಡಿಕೊಳ್ಳಿ. ನೀವು ಬರೆದ ಸಾಲಿನ ಮೇಲೆ ಅಡ್ಡಗೆರೆ ಕಂಡರೆ ಹೆಚ್ಚಾಗಿ ಬೇರೆ ಯಾವುದೋ ನಿಯಮ ಅದನ್ನು ಮೀರಿಸಿದೆ ಅಂತ ಅರ್ಥ: ಟ್ಯಾಗ್‌ಗಿಂತ ಕ್ಲಾಸ್‌ಗೆ ಬಲ ಜಾಸ್ತಿ, ಕ್ಲಾಸ್‌ಗಿಂತ ಐಡಿಗೆ. ಇದು ಗೊತ್ತಿಲ್ಲದೆ ಸುಮ್ನೆ ಎಲ್ಲ ಕಡೆ, ನಿಯಮವನ್ನು ಬಲವಂತವಾಗಿ ಗೆಲ್ಲಿಸುವ !important ಹಾಕುತ್ತಾ ಹೋದರೆ ಮುಂದೆ ಬಿಡಿಸಲಾಗದ ಗಂಟು ಆಗುತ್ತದೆ.

ಡಬ್ಬಿಗಳನ್ನು ಪಕ್ಕಪಕ್ಕ ಜೋಡಿಸಲು ಸಿಎಸ್‌ಎಸ್‌ನ ಫ್ಲೆಕ್ಸ್‌ಬಾಕ್ಸ್ ಕಲಿಯಿರಿ. ಅಡ್ಡ-ಉದ್ದ ಎರಡೂ ಕಡೆ ಜೋಡಿಸುವ ಗ್ರಿಡ್ ಆಮೇಲೆ. ಸಿದ್ಧ ಸಿಎಸ್‌ಎಸ್ ಕೊಡುವ ಬೂಟ್‌ಸ್ಟ್ರ್ಯಾಪ್ ಸದ್ಯಕ್ಕೆ ಮುಟ್ಟಬೇಡಿ.

ಕನ್ನಡ ಪುಟ ಮಾಡುತ್ತಿದ್ದರೆ ಇನ್ನೊಂದು ಮಾತು. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ ಅಲ್ವಾ, 'ರಾಷ್ಟ್ರ' ಬರೆದು ಲೈನ್-ಹೈಟ್ (ಸಾಲಿನ ಎತ್ತರ) 1.2 ಇಟ್ಟು ನೋಡಿ, ಕೆಳಗಿನ ಸಾಲಿನ ಗುಡಿಸು, ದೀರ್ಘಕ್ಕೆ ಒತ್ತು ತಾಗಿದ ಹಾಗೆ ಕಾಣುತ್ತದೆ. 1.7 ಮಾಡಿದರೆ ಓದಲು ಹಾಯಾಗಿರುತ್ತದೆ.