ಒಂದು ಟ್ರ್ಯಾಕ್ಟರ್ ಮಣ್ಣು ಬೇಕಾ?

ಪ್ರಶ್ನೆ: ಅಕ್ಕ, ಮನೆ ಹಿಂದೆ ಇಟ್ಟಿಗೆ ಕಟ್ಟಿ ಸೊಪ್ಪಿಗೆ ಮಡಿ ಮಾಡಿಸಿದ್ದೇನೆ. 8 ಅಡಿ ಉದ್ದ, 3 ಅಡಿ ಅಗಲ, ಒಂದೂವರೆ ಅಡಿ ಎತ್ತರ. ಒಂದು ಟ್ರ್ಯಾಕ್ಟರ್ ಮಣ್ಣು ಹಾಕಿಸಲಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಡಮ್ಮ, ಅಷ್ಟು ಜಾಸ್ತಿ ಆಗುತ್ತೆ. ಮೊದಲು ಟೇಪು ಹಿಡಿದು ಗೋಡೆಯ ಒಳಗಡೆ ಅಳೆಯಿರಿ. ಹೊರಗಡೆ ಅಳೆದರೆ 4 ಇಂಚಿನ ಗೋಡೆ ಎರಡೂ ಕಡೆ ಸೇರಿ 8 ಇಂಚು ತಪ್ಪು ಬರುತ್ತೆ. ನೀವು ಕೊಟ್ಟಿದ್ದು ಒಳಗಿನ ಅಳತೆ ಅಂದುಕೊಳ್ಳುತ್ತೇನೆ.

ಮೇಲೆ 3 ಇಂಚು ಖಾಲಿ ಬಿಡಿ, ಇಲ್ಲದಿದ್ದರೆ ನೀರು ಹಾಕಿದಾಗ ಮಣ್ಣು ಅಂಗಳಕ್ಕೆ ಹರಿಯುತ್ತೆ. ಉಳಿಯುವ ಆಳ ಒಂದೂಕಾಲು ಅಡಿ. 8, 3, ಒಂದೂಕಾಲು ಗುಣಿಸಿದರೆ 30 ಘನ ಅಡಿ. ಸಡಿಲ ಮಣ್ಣು ನಾಲ್ಕು ಸಲ ನೀರುಂಡರೆ ಕುಸಿಯುತ್ತೆ, ಅದಕ್ಕೆ ಐದನೇ ಒಂದು ಭಾಗ ಸೇರಿಸಿ, 36 ಇಟ್ಟುಕೊಳ್ಳಿ. ಮಣ್ಣು ಮಾರುವ ಅಳತೆ ಬ್ರಾಸ್; ಒಂದು ಬ್ರಾಸ್ ಅಂದರೆ 100 ಘನ ಅಡಿ, ನಿಮಗೆ ಮಣ್ಣು, ಗೊಬ್ಬರ ಎಲ್ಲ ಸೇರಿ ಅದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಸಾಕು.

ನಾನು ಮೊದಲ ಸಲ ಲೆಕ್ಕ ಹಾಕದೆ ಪೂರ್ತಿ ಲೋಡ್ ತರಿಸಿದ್ದೆ. ಗೇಟಿನ ಮುಂದೆ ಉಳಿದ ಒಳ್ಳೇ ಕೆಂಪು ಮಣ್ಣು ಒಂದೇ ಮಳೆಗೆ ಚರಂಡಿ ಸೇರಿತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತೆ.

20 ಲೀಟರ್ ಪೇಂಟ್ ಬಕೆಟ್‌ನಲ್ಲಿ ಅಳೆದರೆ ಸುಮಾರು 50 ಬಕೆಟ್. ಅದರಲ್ಲಿ 25 ಕೆಂಪು ಮಣ್ಣು, 15 ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 10 ಸುಟ್ಟ ಭತ್ತದ ಹೊಟ್ಟು. ನಮ್ಮ ಕಡೆ ಎರೆ ಮಣ್ಣು ಸುಲಭವಾಗಿ ಸಿಗುತ್ತೆ ಅಲ್ವಾ, ಆದರೆ ಅದನ್ನೊಂದೇ ತುಂಬಬೇಡಿ. ಬೇಸಿಗೆಗೆ ಬೆರಳು ಹೋಗುವಷ್ಟು ಬಿರುಕು ಬಿಟ್ಟು ಮೆಂತ್ಯದ ಬೇರು ಹರಿದುಬಿಡುತ್ತೆ.